ನಲ್ಲಿಯ ಹಿಂದಿನ ಲೆನ್ಸು

ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಇನ್ನೂ ಮುಸುಕೆಳೆದುಕೊಂಡು ಮಲಗಿದ್ದಾಗ ಮರಿ ಬಚ್ಚಲುಮನೆಯ ಬೇಸಿನ್ ಉಜ್ಜುತ್ತಿದ್ದಳು. ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಗೋಡೆಯೊಳಗಿನ ಪೈಪು ಗೊರಗೊರ ಎಂದು ಎಲ್ಲರನ್ನೂ ಎಬ್ಬಿಸುತ್ತಿತ್ತು. ಅದಕ್ಕೇ ದಾರದಷ್ಟು ನೀರು ಬಿಟ್ಟುಕೊಂಡು, ಬ್ರಷ್ಷನ್ನು ಮೆಲ್ಲಗೆ ಆಡಿಸುತ್ತ, ಉಸಿರೂ ಕೇಳಿಸದ ಹಾಗೆ ಕೆಲಸ ಸಾಗಿಸಿದ್ದಳು. ಪೇಸ್ಟಿನ ಕಲೆ ಹೋಯಿತು. ಸೋಪು ಇಡುವ ಜಾಗದ ಲೋಳೆ ಹೋಯಿತು. ಭಾವ ಗಡ್ಡ ಕೆರೆಯುವ ಸಾಮಾನು ಇಡುವ ಮಗ್ಗನ್ನು ಎತ್ತಿ ಪಕ್ಕಕ್ಕಿಟ್ಟಳು. ಔಷಧಿ ಬಾಟಲಿಯದೊಂದು ಖಾಲಿ ಮುಚ್ಚಳ ನೆಲದಲ್ಲಿ ಉರುಳಿತ್ತು, ಅದನ್ನು ಕಸದ ಬುಟ್ಟಿಗೆ ಹಾಕಿದಳು. ಆಮೇಲೆ ನಲ್ಲಿಯ ಹಿಂದೆ, ಬೆರಳು ಕಷ್ಟಪಟ್ಟು ತೂರುವ ಸಂದಿಯಲ್ಲಿ, ಏನೋ ಮಿಣಕ್ಕೆಂದಿತು.

ಈರುಳ್ಳಿ ಸಿಪ್ಪೆಯ ಚೂರು ಎಂದುಕೊಂಡು ಬಟ್ಟೆ ಹಾಕಲು ಹೋದವಳು ಹಾಗೇ ನಿಂತಳು. ಬಚ್ಚಲಿಗೆ ಈರುಳ್ಳಿ ಯಾಕೆ ಬರುತ್ತದೆ? ಬಗ್ಗಿ ನೋಡಿದಳು. ಬಾಡಿದ ಎಸಳಿನ ಹಾಗೆ ಮುರುಟಿಕೊಂಡ, ಮುಟ್ಟಿದರೆ ಮುರಿಯುವಷ್ಟು ಬಿರುಸಾದ, ತುಸು ನೀಲಿ ಛಾಯೆಯ ಚೂರು. ಬೇರೆ ಯಾರಿಗೆ ಸಿಕ್ಕಿದ್ದರೂ ಅದು ಕಸ. ಮರಿಯಾದರೋ ಮೂರು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು. ಕಣ್ಣೊಳಗೆ ಹಾಕಿಕೊಳ್ಳುವ ಲೆನ್ಸು ಒಣಗಿದರೆ ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಮನೆಯಲ್ಲಿ ಲೆನ್ಸು ಹಾಕುವವರು ಯಾರೂ ಇರಲಿಲ್ಲ.

ಮನೆಯಲ್ಲಿ ಇದ್ದವರು ನಾಲ್ಕೇ ಜನ. ಅಕ್ಕ, ಭಾವ, ಅವರ ಆರು ವರ್ಷದ ಮಗಳು ಮತ್ತು ಮರಿ. ಭಾವನಿಗೆ ಮನುಷ್ಯರ ಹೆಸರು ಹಿಡಿದು ಕರೆದು ಅಭ್ಯಾಸವಿರಲಿಲ್ಲ. ಹೆಂಡತಿಯನ್ನು ಹುಲಿ ಎನ್ನುತ್ತಿದ್ದ, ಮಗಳನ್ನು ಗುಬ್ಬಿ ಎನ್ನುತ್ತಿದ್ದ. ಸದ್ದಿಲ್ಲದೆ ಓಡಾಡಿ, ಮೂಲೆಯಲ್ಲಿ ಕೂತು ಎಲ್ಲರನ್ನೂ ನೋಡುವ ನಾದಿನಿಗೆ ಬೆಕ್ಕಿನಮರಿ ಎಂದು ಹೆಸರಿಟ್ಟಿದ್ದ. ಅದು ಸವೆದು ಮರಿ ಎಂದಷ್ಟೇ ಉಳಿದಿತ್ತು. ತನ್ನನ್ನು ತಾನು ಹದ್ದು ಎಂದು ಕರೆದುಕೊಳ್ಳುತ್ತಿದ್ದ. ಶಾಲೆಯ ಬಸ್ಸು ಓಡಿಸುವವನು. "ಹನ್ನೊಂದು ವರ್ಷ ಆಯ್ತು, ಒಂದು ಗೀರು ಬಿದ್ದಿಲ್ಲ. ಯಾಕೆ ಹೇಳಿ? ಹದ್ದಿನ ಕಣ್ಣು!" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದ. "ಇದು ಮನೆಯಲ್ಲ ಮಾರಾಯ್ರೇ, ಮೃಗಾಲಯ. ಟಿಕೆಟ್ ಇಟ್ಟು ಒಳಗೆ ಬಿಡಬೇಕು" ಎಂದು ಅಕ್ಕ ನಗುತ್ತಿದ್ದಳು.

ಅಮ್ಮ ತೀರಿಹೋದ ಮೇಲೆ ಮರಿಯನ್ನು ಸಾಕಿದವಳು ಅಕ್ಕನೇ. ಎಂಟನೇ ತರಗತಿಗೆ ಶಾಲೆ ಬಿಟ್ಟು ಬಂದಾಗಲೂ "ಯಾಕೆ ಬಿಟ್ಟೆ" ಎಂದು ಒಂದು ಮಾತು ಕೇಳದೆ ತನ್ನ ಪಕ್ಕದಲ್ಲಿ ಹಾಸಿಗೆ ಹಾಸಿಕೊಟ್ಟಿದ್ದಳು. ಆ ಅಕ್ಕನ ಮನೆಯ ಬಚ್ಚಲಲ್ಲಿ ಯಾರದೋ ಲೆನ್ಸು.

ಮರಿ ಬೆರಳ ತುದಿಯಿಂದ ಒಂದು ತೊಟ್ಟು ನೀರು ಬಿಟ್ಟಳು. ಚೂರು ಮೆತ್ತಗಾಗಿ ಗೋಡೆ ಬಿಟ್ಟಿತು. ಅದರ ಕೆಳಗೆ ಕಾಗದ ಜಾರಿಸಿ ಎತ್ತಿ, ಗುಂಡಿ ಇಡುವ ಪುಟ್ಟ ಡಬ್ಬಿಯೊಳಗೆ ಹಾಕಿ ತನ್ನ ಚೀಲದ ತಳಕ್ಕೆ ಸೇರಿಸಿದಳು. ಅಷ್ಟು ಹೊತ್ತೂ ಅವಳ ತಲೆಯಲ್ಲಿ ಒಂದೇ ಲೆಕ್ಕ. ಭಾವ ಬೆಳಿಗ್ಗೆ ಆರಕ್ಕೆ ಗುಬ್ಬಿಯನ್ನೂ ಬಸ್ಸಿನಲ್ಲೇ ಕೂರಿಸಿಕೊಂಡು ಹೊರಡುತ್ತಾನೆ. ಅಕ್ಕ ಎಂಟಕ್ಕೆ ಹೊಲಿಗೆ ಕಾರ್ಖಾನೆಗೆ. ತಾನು ಒಂಬತ್ತಕ್ಕೆ ಅಂಗಡಿಗೆ. ಭಾವ ಮಕ್ಕಳನ್ನು ಬಿಟ್ಟು ಒಂಬತ್ತೂವರೆಗೆ ಮನೆಗೆ ಬಂದರೆ ಮತ್ತೆ ಹೊರಡುವುದು ಎರಡು ಗಂಟೆಗೆ. ದಿನಾ ನಾಲ್ಕೂವರೆ ಗಂಟೆ ಮನೆಯಲ್ಲಿ ಅವನೊಬ್ಬನೇ.

ಒಬ್ಬನೇ ಇರುತ್ತಾನೆ ಎಂದು ಹೇಳಿದವರು ಯಾರು?

ಅನುಮಾನ ಬಂದರೆ ಮುಗಿಯಿತು, ಹಿಂದಿನದೆಲ್ಲ ಎದ್ದು ಬಂದು ಸಾಲಾಗಿ ನಿಲ್ಲುತ್ತದೆ. ಇತ್ತೀಚೆಗೆ ಭಾವ ಸಂಜೆ ಮನೆಯಲ್ಲಿ ಯಾರಿಗೂ ಮುಖ ಕೊಟ್ಟು ಮಾತಾಡುವುದಿಲ್ಲ. ಫೋನನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಾನೆ, ಯಾರಿಗೂ ಕಾಣಬಾರದು ಎಂಬ ಹಾಗೆ. ಹೋದ ವಾರ ತಾನು ಓಣಿಯ ಆ ತುದಿಯಲ್ಲಿ ನಿಂತು ನಕ್ಕರೆ, ನೋಡಿಯೂ ನೋಡದವನಂತೆ, "ಯಾರದು?" ಎಂದಿದ್ದ. ತನ್ನ ನಾದಿನಿಯನ್ನೇ! ಕಣ್ಣು ಬೇರೆ ಸದಾ ಕೆಂಪು. ಕೇಳಿದರೆ "ರಸ್ತೆ ಧೂಳು" ಎನ್ನುತ್ತಾನೆ. ಕೆಂಪು ಕಣ್ಣು ಧೂಳಿಗೇ ಬರಬೇಕೆಂದೇನಿಲ್ಲ. ನಿದ್ದೆಗೆಟ್ಟರೂ ಬರುತ್ತದೆ, ಮನಸ್ಸು ಕೆಟ್ಟರೂ ಬರುತ್ತದೆ.

ಆ ದಿನವೆಲ್ಲ ಮರಿ ಭಾವನನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಅವನು ಮಾತ್ರ ಗೋಡೆ ಕಡೆ ತಿರುಗಿ ಮಲಗಿ ರೇಡಿಯೋ ಕೇಳಿದ, ಊಟ ಮಾಡಿದ, ಮತ್ತೆ ಮಲಗಿದ.

ಸೋಮವಾರ ಐದೂವರೆಗೆ ಅವನು ಬಚ್ಚಲು ಹೊಕ್ಕ. ಹತ್ತು ನಿಮಿಷದಲ್ಲಿ ಬರುವವನು ಇಪ್ಪತ್ತೈದು ನಿಮಿಷ ಬರಲಿಲ್ಲ. ಒಳಗೆ ಮಗ್ಗು ಸರಿಸುವ ಸದ್ದು, ಬಕೆಟ್ಟು ಎತ್ತುವ ಸದ್ದು, ನೆಲವನ್ನು ಅಂಗೈಯಿಂದ ಸವರುವ ಸದ್ದು. ಮರಿ ಬಾಗಿಲ ಪಕ್ಕದಲ್ಲಿ ಗುಬ್ಬಿಯ ಬೂಟಿನ ದಾರ ಕಟ್ಟುತ್ತಿದ್ದಳು. ಕಿವಿ ಮಾತ್ರ ಒಳಗಿತ್ತು.

ಭಾವ ಹೊರಗೆ ಬಂದ. ಮುಖ ಒರೆಸಿಕೊಳ್ಳುವ ನೆಪದಲ್ಲಿ ಟವೆಲನ್ನು ಒಂದು ಕಣ್ಣಿನ ಮೇಲೇ ಹಿಡಿದಿದ್ದ.

"ಮರೀ, ನಿನ್ನೆ ಬಚ್ಚಲು ತೊಳೆದ್ಯಾ?"

"ಹೂಂ."

"ಏನಾದ್ರೂ ಸಿಕ್ತಾ?"

"ಏನು?"

"ಏನಿಲ್ಲ ಬಿಡು. ಒಂದು... ಸ್ಕ್ರೂ. ಮಗ್ಗಿನ ಹತ್ರ ಇಟ್ಟಿದ್ದೆ."

"ಸ್ಕ್ರೂ ಸಿಗ್ಲಿಲ್ಲ ಭಾವ."

ಅದು ಸುಳ್ಳಲ್ಲ. ಸ್ಕ್ರೂ ನಿಜಕ್ಕೂ ಸಿಕ್ಕಿರಲಿಲ್ಲ. ಭಾವ ಗಡಿಯಾರದ ಹತ್ತಿರಕ್ಕೆ ಹೋಗಿ ನೋಡಿ, ಮಗಳ ಕೈ ಹಿಡಿದು ಮೆಟ್ಟಿಲಿಳಿದ. ಸ್ಕ್ರೂವಂತೆ ಸ್ಕ್ರೂ! ನಿನ್ನೆ ಅನುಮಾನ ಒಂದು ಎಳೆಯಷ್ಟಿದ್ದರೆ ಈಗ ಹಗ್ಗವಾಯಿತು.

ಮರಿ ಅಂಗಡಿಗೆ ಹೊರಟು ಕೆಳಗಿಳಿದಾಗ ಕೆಳಮನೆಯ ಬ್ಯೂಟಿ ಪಾರ್ಲರಿನವಳು ಬಾಗಿಲಿಗೆ ನೀರು ಹಾಕುತ್ತಿದ್ದಳು. ಎತ್ತರದ ಹೆಂಗಸು, ಬಾಯಿ ತುಂಬ ನಗು. ಅವಳ ಕಣ್ಣು ಇವತ್ತು ಜೇನಿನ ಬಣ್ಣದ್ದು. ಹೋದ ತಿಂಗಳು ಹಸಿರಿತ್ತು. ಮರಿ ನಿಂತು ಆ ಕಣ್ಣುಗಳನ್ನೇ ನೋಡಿದಳು.

"ಏನೇ ಹುಡುಗಿ, ಹಾಗೆ ನೋಡ್ತೀಯ? ನನ್ನ ಮುಖದಲ್ಲಿ ಸಿನಿಮಾ ಓಡ್ತಿದ್ಯಾ?"

"ಇಲ್ಲ ಆಂಟಿ."

"ನೋಡೋಕೆ ದುಡ್ಡೇನಿಲ್ಲ, ನೋಡು. ಅಂದ ಹಾಗೆ ನಿಮ್ಮ ಭಾವ ಬಂದ್ರೆ ಒಂದು ನಿಮಿಷ ಕಳಿಸು. ಶಟರ್ ಮತ್ತೆ ಕಚ್ಕೊಂಡಿದೆ. ಅವರ ಕೈ ಬಿದ್ರೇನೇ ಏಳೋದು ಅದು."

ಮತ್ತೆ ಅಂತೆ. ಅವರ ಕೈ ಬಿದ್ರೇನೇ ಅಂತೆ. ಮರಿ ತಲೆ ಬಗ್ಗಿಸಿ ನಡೆದಳು. ಚೀಲದ ತಳದಲ್ಲಿ ಗುಂಡಿ ಡಬ್ಬಿ ಹೆಜ್ಜೆಹೆಜ್ಜೆಗೂ ಟಕ್ ಟಕ್ ಎನ್ನುತ್ತಿತ್ತು.

ಅಂಗಡಿಯಲ್ಲಿ ಅವಳ ಕೆಲಸ ಗಾಜು ಒರೆಸುವುದು, ಗಿರಾಕಿಗಳ ಕಾರ್ಡು ಹುಡುಕಿಕೊಡುವುದು, ಹೊಸದಾಗಿ ಲೆನ್ಸು ಕೊಂಡವರಿಗೆ ಕೈ ತೊಳೆದು ಅದನ್ನು ಹಾಕುವುದು ತೆಗೆಯುವುದು ತೋರಿಸುವುದು. ಮಾತಿಗಿಂತ ಬೆರಳು ಮುಖ್ಯವಾದ ಕೆಲಸ. ಅದಕ್ಕೇ ಅವಳಿಗೆ ಒಗ್ಗಿತ್ತು. ಹಿಂದಿನ ಕೋಣೆಯಲ್ಲಿ ಗಾಜಜ್ಜ ಕೂರುತ್ತಿದ್ದ. ನಲವತ್ತು ವರ್ಷ ಕನ್ನಡಕದ ಗಾಜು ಕತ್ತರಿಸಿ, ಈಗ ಕಣ್ಣಿಗೆ ತನ್ನದೇ ಎರಡು ದಪ್ಪ ಗಾಜು ಏರಿಸಿಕೊಂಡ ಮುದುಕ. ಅವನ ಮೇಜಿನ ಮೇಲೆ ಮುಚ್ಚಳವಿರುವ ಆರು ಪುಟ್ಟ ಬಟ್ಟಲುಗಳ ಒಂದು ಬಿಳಿ ತಟ್ಟೆ. ಗಿರಾಕಿಗಳು ಬೀಳಿಸಿಕೊಂಡು ಹೋದ ಒಂಟಿ ಲೆನ್ಸುಗಳನ್ನು ನೆನೆಹಾಕಿ, ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಎಂದು ಚೀಟಿ ಬರೆದು ಒಡೆಯರು ಬರುವವರೆಗೆ ಇಡುವ ತಟ್ಟೆ. ಅಜ್ಜ ಅದನ್ನು ತಬ್ಬಲಿ ತಟ್ಟೆ ಎನ್ನುತ್ತಿದ್ದ. ಬಂದವರಿಗೆ ಅವನು ಹಳೆಯದನ್ನು ತೋರಿಸುತ್ತಿದ್ದನೇ ಹೊರತು ಹಾಕಿಕೊಳ್ಳಲು ಕೊಡುತ್ತಿರಲಿಲ್ಲ. ಗುರುತು ಹಿಡಿಯಲು ಮಾತ್ರ, ಹೊಸದು ಮಾಡಿಸಿಕೊಳ್ಳಿ ಎನ್ನುತ್ತಿದ್ದ.

ಮರಿ ಖಾಲಿ ಬಟ್ಟಲಿಗೆ ಲೆನ್ಸಿನ ದ್ರಾವಣ ಹನಿಸಿ ಚೂರನ್ನು ಅದರಲ್ಲಿ ಇಳಿಬಿಟ್ಟಳು. ಚೀಟಿಯಲ್ಲಿ ಬರೆದಳು: ನಲ್ಲಿ ಹಿಂದೆ.

ಅಜ್ಜ ಚೀಟಿಯನ್ನು ಕಣ್ಣ ಹತ್ತಿರ ಹಿಡಿದ. "ಯಾವ ನಲ್ಲಿ ಕೂಸೇ?"

"ಮನೇದು."

"ನಿಮ್ಮನೇಲಿ ಯಾರು ಹಾಕ್ತಾರೆ?"

"ಯಾರೂ ಹಾಕಲ್ಲ ಅಜ್ಜ."

ಅಜ್ಜ ಅವಳ ಮುಖ ನೋಡಿ ಮುಂದೆ ಕೇಳಲಿಲ್ಲ. ಅವಳು ಕಡ್ಡಿಯಿಂದ ಮುರುಟಿದ ಅಂಚನ್ನು ಬಿಡಿಸಲು ಹೋದಾಗ ಮಾತ್ರ ಕೈ ತಡೆದ. "ಹೇ, ಬಿಡು ಅದನ್ನ. ಮುನಿಸ್ಕೊಂಡ ಅಳಿಯನ ಥರ ಅದು. ಎಳೆದಷ್ಟೂ ಮುರುಟುತ್ತೆ, ಜಾಸ್ತಿ ಎಳೆದ್ರೆ ಹರಿಯುತ್ತೆ. ನಾಲ್ಕು ಗಂಟೆ ಅದರ ಪಾಡಿಗೆ ಬಿಟ್ಟು ನೋಡು, ತಾನೇ ದಾರಿಗೆ ಬರುತ್ತೆ."

ಆ ನಾಲ್ಕು ಗಂಟೆ ಮರಿಗೆ ನಾಲ್ಕು ದಿನವಾಯಿತು. ಗಿರಾಕಿಯ ಕನ್ನಡಕಕ್ಕೆ ಬೇರೆ ಗಿರಾಕಿಯ ಪೆಟ್ಟಿಗೆ ಕೊಟ್ಟಳು, ಬೈಸಿಕೊಂಡಳು. ಯಾರೂ ಇಲ್ಲದಾಗ ಕಾರ್ಡುಗಳ ಡ್ರಾಯರ್ ಎಳೆದು ಪಾರ್ಲರಿನವಳ ಕಾರ್ಡು ತೆಗೆದಳು. ಅವಳು ಬಣ್ಣದ ಲೆನ್ಸು ಕೊಳ್ಳುವುದು ಇದೇ ಅಂಗಡಿಯಲ್ಲಿ. ಜೇನು, ಹಸಿರು, ಬೂದು ಎಂದಿತ್ತು. ಪವರಿನ ಜಾಗದಲ್ಲಿ ಎರಡೂ ಕಣ್ಣಿಗೆ ಸೊನ್ನೆ.

ನಡುನಡುವೆ ಹೋಗಿ ಬಟ್ಟಲು ನೋಡಿದಳು. ಮೊದಲು ಒಂದು ಮೂಲೆ ಸಡಿಲಿತು. ಆಮೇಲೆ ಇಡೀ ಚೂರು ಬೋಗುಣಿಯ ಹಾಗೆ ಅರಳಿ ನೀರಿನಲ್ಲಿ ಕಾಣದಷ್ಟು ತಿಳಿಯಾಯಿತು. ನೀಲಿ ಛಾಯೆ ಒಂದೇ ಗುರುತು.

ಎರಡು ಗಂಟೆಗೆ ಅಜ್ಜ ಅದನ್ನು ಬೆರಳ ತುದಿಯ ಮೇಲೆ ಎತ್ತಿಕೊಂಡ. ನೂಲು ಬಿಡದ ಬಟ್ಟೆಯ ಮೇಲೆ ತೇವ ಒತ್ತಿ, ಪವರ್ ನೋಡುವ ಯಂತ್ರದ ಕೆಳಗೆ ಬೋರಲು ಇಟ್ಟು ಚಕ್ರ ತಿರುಗಿಸಿದ.

"ಮೈನಸ್ ಮೂರು. ಒಣಗಿ ನೆನೆದದ್ದು, ಒಂಚೂರು ಆಚೀಚೆ ಇರಬಹುದು."

"ಬಣ್ಣಕ್ಕೆ ಹಾಕೋದಲ್ವಾ ಅಜ್ಜ? ನೀಲಿ ಇದೆ."

"ಮೂರು ವರ್ಷ ಆಯ್ತು ಇಲ್ಲಿ ಬಂದು, ಇನ್ನೂ ಇದು ಗೊತ್ತಿಲ್ವಾ? ಆ ನೀಲಿ ಅಲಂಕಾರಕ್ಕಲ್ಲ ತಾಯಿ, ಬಟ್ಟಲಲ್ಲಿ ಹುಡುಕೋವಾಗ ಕಾಣ್ಲಿ ಅಂತ. ಇದು ಪಾಪದವರ ಲೆನ್ಸು. ಇದರ ಒಡೆಯನಿಗೆ ಇದಿಲ್ಲದಿದ್ರೆ ಮೊಳದಾಚೆ ಎಲ್ಲಾ ಮಂಜು. ಹೆಂಡತಿ ಯಾರು, ಕಂಬ ಯಾವುದು ಗೊತ್ತಾಗಲ್ಲ." ತನ್ನ ಮಾತಿಗೆ ತಾನೇ ನಕ್ಕು, ಲೆನ್ಸನ್ನು ಬೆಳಕಿಗೆ ಹಿಡಿದ. "ನೋಡಿಲ್ಲಿ, ಅಂಚು ಸೀಳಿದೆ. ಮೈಮೇಲೆ ಬಿಳೀ ಪೊರೆ. ನಲ್ಲಿ ನೀರಲ್ಲಿ ಇಡ್ತಿದ್ದಾನೆ ಪುಣ್ಯಾತ್ಮ. ಸಿಕ್ಕಿದ್ರೆ ಹೇಳು, ಹೀಗೇ ಮಾಡ್ತಿದ್ರೆ ಕಣ್ಣೇ ಹೋಗುತ್ತೆ ಅಂತ."

ಮರಿ ಲೆನ್ಸನ್ನು ಹೊಸ ದ್ರಾವಣ ಹಾಕಿದ ಡಬ್ಬಿಗೆ ಹಾಕಿಕೊಂಡಳು. ಪಾರ್ಲರಿನವಳಲ್ಲ ಎಂದು ಗೊತ್ತಾಗಿ ಅರ್ಧ ಹಗುರಾಗಿದ್ದಳು. ಇನ್ನರ್ಧ ಇನ್ನೂ ಭಾರವಾಗಿತ್ತು. ಹಾಗಾದರೆ ಯಾರು? ಮೊಳದಾಚೆ ಕಾಣದ ಯಾವ ಹೆಂಗಸು ಅಕ್ಕನ ಬೇಸಿನ್ನಿನ ಮುಂದೆ ನಿಂತಿದ್ದಳು? ದಾರಿಯುದ್ದಕ್ಕೂ ಎದುರು ಬಂದ ಹೆಂಗಸರ ಕಣ್ಣುಗಳನ್ನೇ ನೋಡಿಕೊಂಡು ಬಂದಳು. ಅಜ್ಜ ಒಡೆಯ ಎಂದದ್ದು, ಒಡತಿ ಎನ್ನದೇ ಇದ್ದದ್ದು ಅವಳ ತಲೆಗೆ ಹೊಕ್ಕಿರಲಿಲ್ಲ.

ಆರು ಗಂಟೆಗೆ ಮನೆ ತಲುಪಿದಾಗ ಬಾಗಿಲಲ್ಲೇ ಅಕ್ಕನ ದನಿ ಕೇಳಿತು.

"ಕಂಬ ಏನು ಕಾಲು ಬಂದು ಓಡಿ ಬಂತಾ ನಿಮ್ಮ ಬಸ್ಸಿಗೆ?"

ಗುಬ್ಬಿ ಊಟದ ಮೇಜಿನ ಮೇಲೆ ಕೂತಿದ್ದಳು. ಕೆಳತುಟಿ ಊದಿತ್ತು. ಅಕ್ಕ ಒದ್ದೆ ಬಟ್ಟೆ ಒತ್ತುತ್ತಿದ್ದಳು. ಭಾವ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ.

"ಆ ಗೇಟಿನ ಕಂಬಾನೇ ಸೊಟ್ಟಗೆ ನೆಟ್ಟಿದ್ದಾರೆ ಮಾರಾಯ್ತಿ. ಕನ್ನಡಿ ಹೋಯ್ತು ಅಷ್ಟೇ. ಎಡಗಡೆ ಕನ್ನಡಿ."

"ಹನ್ನೊಂದು ವರ್ಷದಿಂದ ಸೊಟ್ಟಗಿರೋ ಕಂಬ ಇವತ್ತು ಅಡ್ಡ ಬಂತಾ? ಹದ್ದಿನ ಕಣ್ಣು ಎಲ್ಲಿಗೆ ಹೋಗಿತ್ತು?"

"ಹುಲಿ ಗರ್ಜಿಸೋಕೆ ಶುರು ಮಾಡಿದ್ರೆ ಹದ್ದು ಹಾರಿಹೋಗುತ್ತೆ, ನೋಡು" ಎಂದು ಭಾವ ನಗಲು ನೋಡಿದ.

"ಚಿಕ್ಕೀ, ನನ್ನ ಹಲ್ಲು ಅಲ್ಲಾಡ್ತಿದೆ!" ಗುಬ್ಬಿಗೆ ಅದೊಂದು ಹೆಮ್ಮೆ. "ಢಂ ಅಂತು, ಎಲ್ಲಾರೂ ಮುಂದೆ ಬಿದ್ವಿ. ದೊಡ್ಡ ಹುಡುಗರೂ ಅತ್ರು. ಅಪ್ಪ ಇವತ್ತು ಕಳ್ಳಸಾಗರನ ಥರ ಓಡಿಸಿದ್ರು."

"ಕಳ್ಳಸಾಗರ ಯಾರೇ?"

"ಹಡಗಿನ ಕಳ್ಳ. ಒಂದು ಕಣ್ಣು ಮುಚ್ಕೊಂಡು. ಹೀಗೆ." ಅವಳು ಎಡಗಣ್ಣು ಬಿಗಿಯಾಗಿ ಮುಚ್ಚಿ, ಮುಖ ಸೊಟ್ಟ ಮಾಡಿ, ಇಲ್ಲದ ಸ್ಟಿಯರಿಂಗ್ ತಿರುಗಿಸಿ ತೋರಿಸಿದಳು.

ಅಕ್ಕ "ಸುಮ್ನಿರೇ, ಬಟ್ಟೆ ಜಾರುತ್ತೆ" ಎಂದಳು. ಮರಿ ಮಾತ್ರ ಚೀಲವನ್ನು ಹೆಗಲಿಂದ ಇಳಿಸುವುದನ್ನೂ ಮರೆತು ನಿಂತಳು. ಮೂಗಿಗೆ ತಾಗಿಸಿದ ಫೋನು. ಓಣಿಯ ತುದಿಯಿಂದ "ಯಾರದು?" ಗಡಿಯಾರದ ಹತ್ತಿರ ಹೋಗಿ ನೋಡಿದ್ದು. ಟವೆಲಿನಡಿಯ ಕಣ್ಣು. ನೆಲವನ್ನು ಅಂಗೈಯಿಂದ ಸವರಿದ್ದು. ನಿನ್ನೆಯಿಂದ ಅವಳು ಪೋಣಿಸಿದ ಮಣಿಗಳೇ. ಪೋಣಿಸಿದ ದಾರ ಮಾತ್ರ ಬೇರೆ.

ಭಾವ ಹಿಂದಿನ ಬಾಲ್ಕನಿಗೆ ಹೋದ. ಬಟ್ಟೆ ಒಗೆಯುವ ಯಂತ್ರ, ಒಂದು ನಲ್ಲಿ, ಹಳೆ ಪತ್ರಿಕೆಗಳ ಕಟ್ಟು ಇರುವ ಕಿರಿದಾದ ಜಾಗ. ಮರಿ ಹಿಂದೆಯೇ ಹೋದಳು. ಅವನು ಬಲಗಣ್ಣಿನಿಂದ ಏನನ್ನೋ ಚಿವುಟಿ ತೆಗೆದು, ಔಷಧಿ ಬಾಟಲಿಯ ಮುಚ್ಚಳದೊಳಗೆ ಹಾಕಿ, ಅದಕ್ಕೆ ನಲ್ಲಿಯಿಂದ ನೀರು ತುಂಬುತ್ತಿದ್ದ. ಅವಳು ಬಂದದ್ದು ಅವನಿಗೆ ಗೊತ್ತೇ ಆಗಲಿಲ್ಲ.

"ಆ ನೀರು ಹಾಕಬಾರದು ಭಾವ."

ಮುಚ್ಚಳ ಅವನ ಕೈಯಲ್ಲಿ ತುಳುಕಿತು. ಮರಿ ತನ್ನ ಡಬ್ಬಿಯನ್ನು ಯಂತ್ರದ ಮೇಲಿಟ್ಟು ಮುಚ್ಚಳ ತೆಗೆದಳು. ಭಾವ ಬಗ್ಗಿ, ಡಬ್ಬಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ.

"ಸ್ಕ್ರೂ ಸಿಗ್ಲಿಲ್ಲ ಅಂದೆ" ಎಂದ ಮೆಲ್ಲಗೆ.

"ಯಾರೋ ಹೆಂಗಸಿಂದು ಅಂದ್ಕೊಂಡೆ."

"ಹೆಂಗಸಾ?" ಅವನಿಗೆ ನಗು ಬಂತು. "ಎರಡು ವರ್ಷ ಆಯ್ತು ಮರಿ. ನಮ್ಮಲ್ಲಿ ಕನ್ನಡಕದವರನ್ನ ಸೀಟಿಗೆ ಕೂರಿಸಲ್ಲ. ಗ್ಯಾರೇಜಿಗೆ ಹಾಕ್ತಾರೆ, ಬಸ್ ತೊಳೆಯೋಕೆ. ನನ್ನ ಕೈಯಲ್ಲಿ ಟ್ರೈನಿಂಗ್ ಆದ ಹುಡುಗರ ಬಸ್ಸು ನಾನು ತೊಳೀಬೇಕು."

"ಪ್ರತಿ ವರ್ಷ ಕಣ್ಣು ಪರೀಕ್ಷೆ ಮಾಡ್ತಾರಲ್ಲ?"

"ಮಾಡ್ತಾರೆ. ಅದೇ ಹಲಗೆ, ಅದೇ ಅಕ್ಷರ. ಬಾಯಿಪಾಠ ಆಗಿದೆ. ಕೆಳಗಿನ ಸಾಲು ಹಿಂದುಮುಂದು ಹೇಳ್ತೀನಿ, ಬೇಕಾ?"

"ಲೆನ್ಸಿಗೊಂದು ಡಬ್ಬಿ ಇಟ್ಕೋಬಾರದಾ? ಒಣಗಿಸಿ, ನಲ್ಲಿ ನೀರು ಹಾಕಿ... ಕಣ್ಣು ನೋಡಿ ಹೇಗಾಗಿದೆ."

"ಡಬ್ಬಿ ಇಟ್ಟಿದ್ರೆ ನೀನು ಮೊದಲ ದಿನಾನೇ ಹಿಡೀತಿದ್ದೆ. ಬೇರೆ ಮನೇಲಿ ಇಡಬಹುದು ಡಬ್ಬಿ. ಲೆನ್ಸ್ ಅಂಗಡಿಯ ಬೆಕ್ಕು ಸಾಕ್ಕೊಂಡಿರೋ ಮನೇಲಿ ಮುಚ್ಚಳಾನೇ ಗತಿ."

ಆಮೇಲೆ ಕೈ ಚಾಚಿದ. "ತಾ ಇಲ್ಲಿ. ಬೆಳಿಗ್ಗೆ ಆರಕ್ಕೆ ಬೇಕು ನನಗೆ."

ಮರಿ ಡಬ್ಬಿಯನ್ನು ಎದೆಗೆ ಹಿಡಿದುಕೊಂಡಳು. "ಇದು ಆಗಲ್ಲ ಭಾವ. ಅಂಚು ಸೀಳಿದೆ. ನೋಡೋಕೆ ಸರಿಹೋಗಿದೆ ಅಷ್ಟೇ, ಹಾಕೋಕಾಗಲ್ಲ."

"ಹಾಗಾದ್ರೆ ಒಂದರಲ್ಲೇ ಹೋಗ್ತೀನಿ. ಒಂದು ಟ್ರಿಪ್ಪು. ನಾನು ಕೊಳ್ಳೋ ಅಂಗಡಿಗೆ ಇವತ್ತು ರಜ ಇತ್ತು, ನಾಳೆ ಒಂಬತ್ತೂವರೆಗೆ ಬಸ್ಸಿಳಿದ ತಕ್ಷಣ ಹೊಸದು ತರ್ತೀನಿ."

"ಇವತ್ತು ಕಂಬ..."

"ಇವತ್ತು ಕಂಬ ಯಾಕೆ ತಾಗ್ತು?" ಅವನ ದನಿ ಇಳಿದು ಬಿರುಸಾಯಿತು. "ಬೆಳಿಗ್ಗೆ ಕೇಳ್ದಾಗ ಕೊಟ್ಟಿದ್ರೆ ತಾಗ್ತಿತ್ತಾ? ನೀನು ತೆಗೆದಿಟ್ಕೊಂಡೆ, ನಾನು ಒಂದು ಕಣ್ಣಲ್ಲಿ ಹೋದೆ. ಹೇಳೋದಾದ್ರೆ ಅದನ್ನೂ ಹೇಳು ನಿಮ್ಮಕ್ಕಂಗೆ. ಗುಬ್ಬಿ ತುಟಿ ಯಾರಿಂದ ಊದಿದ್ದು ಅಂತ ಹೇಳು."

ಆ ಮಾತಿನಲ್ಲಿ ಸುಳ್ಳು ಎಷ್ಟಿತ್ತೋ ನಿಜವೂ ಅಷ್ಟೇ ಇತ್ತು. ಅವಳ ಕಣ್ಣ ಮುಂದೆ ನಾಳೆ ಬೆಳಗಿನ ಆರು ಗಂಟೆ ಬಂತು. ನಲವತ್ತು ಮಕ್ಕಳು, ಮುಂದಿನ ಸೀಟಿನಲ್ಲಿ ಅಲ್ಲಾಡುವ ಹಲ್ಲನ್ನು ನಾಲಿಗೆಯಿಂದ ಆಡಿಸುತ್ತ ಕೂತ ಗುಬ್ಬಿ, ಸ್ಟಿಯರಿಂಗಿನ ಹಿಂದೆ ಒಂದು ಕಣ್ಣು ಮುಚ್ಚಿದ ಭಾವ.

"ನಾಳೆ ಹೋಗ್ಬೇಡಿ ಭಾವ. ಜ್ವರ ಅಂತ ಹೇಳಿ."

"ಕಂಬಕ್ಕೆ ತಾಗಿಸಿದ ಮಾರನೇ ದಿನವೇ ರಜಾನಾ? ನೇರ ಕಣ್ಣು ಪರೀಕ್ಷೆಗೆ ಕಳಿಸ್ತಾರೆ. ಅದೂ ಹೊರಗಿನ ಡಾಕ್ಟರ ಹತ್ರ, ಬೇರೆ ಹಲಗೆ. ನಿನ್ನ ಕೈ ಮುಗೀತೀನಿ ಮರಿ, ಹೊಟ್ಟೇಲಿಟ್ಕೋ. ಯಾರಿಗೂ..."

"ಯಾರಿಗೂ ಏನು?"

ಬಾಲ್ಕನಿಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೈಯಲ್ಲಿ ಒದ್ದೆ ಬಟ್ಟೆ ಇನ್ನೂ ಹಾಗೇ ಇತ್ತು. ಅವಳ ಕಣ್ಣು ಗಂಡನ ಮುಗಿದ ಕೈಯನ್ನು ನೋಡಿತು, ತಂಗಿಯ ಎದೆಗೊತ್ತಿದ ಮುಷ್ಟಿಯನ್ನು ನೋಡಿತು, ಇಬ್ಬರ ನಡುವೆ ಇದ್ದ ಒಂದು ಗೇಣು ಜಾಗವನ್ನು ನೋಡಿತು.

"ಏನಿಲ್ಲ ಕಣೇ" ಎಂದ ಭಾವ. "ಇವಳಿಗೆ ಅಂಗಡೀಲಿ ಏನೋ ತೊಂದರೆಯಂತೆ."

"ಹೌದಾ? ಅಂಗಡಿ ತೊಂದರೆ ಅವಳದ್ದು, ಕೈ ಮುಗಿಯೋರು ನೀವು." ಅಕ್ಕನ ದನಿ ಏರಲಿಲ್ಲ. ಅದಕ್ಕೇ ಮರಿಗೆ ಹೆಚ್ಚು ಹೆದರಿಕೆಯಾಯಿತು. "ಎರಡು ತಿಂಗಳಿಂದ ನೋಡ್ತಿದ್ದೀನಿ. ಇವರು ನನ್ನ ಮುಖ ನೋಡಲ್ಲ. ನೀನು ನೋಡಿದ್ರೆ ಇವರನ್ನ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡ್ತಿರ್ತೀಯ. ನಿನ್ನೆಯಿಂದ ಅಂತೂ ನೆರಳಿನ ಹಾಗೆ ಹಿಂದೇನೇ. ನನಗೇನು ಕಾಣಲ್ಲ ಅಂದ್ಕೊಂಡ್ರಾ ಇಬ್ರೂ? ಏನದು ಕೈಯಲ್ಲಿ?"

ಅಕ್ಕ. ಎಂಟನೇ ತರಗತಿಯಲ್ಲೂ ಯಾಕೆ ಎಂದು ಕೇಳದ ಅಕ್ಕ ಈಗ ಕೇಳುತ್ತಿದ್ದಳು. ಹೇಳಿದರೂ ಏನು? ಭಾವ ನಕ್ಕು, ಹದ್ದಿನ ಕಣ್ಣು ಎಂದು, ಬಾಯಿಪಾಠದ ಸಾಲನ್ನು ಹಿಂದುಮುಂದು ಒಪ್ಪಿಸಿ, ಇದು ಇವಳ ಅಂಗಡಿಯ ಲೆನ್ಸು ಎಂದುಬಿಟ್ಟರೆ? ಮಾತಿನಲ್ಲಿ ಅವನನ್ನು ಗೆದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಅವಳು ಅಕ್ಕನ ಪಕ್ಕದಿಂದ ನುಸುಳಿ ಒಳಗೆ ಹೋದಳು.

"ಓಡ್ತೀಯಾ? ಓಡು. ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟು ಓಡು!" ಅಕ್ಕ ಹಿಂದೆ ಬಂದಳು. ಅವಳ ಹಿಂದೆ ಭಾವ, ಬಾಗಿಲ ಚೌಕಟ್ಟನ್ನು ಕೈಯಿಂದ ಸವರಿಕೊಂಡು.

ಮರಿ ಡಬ್ಬಿಯನ್ನು ಊಟದ ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ತೆರೆದಿಟ್ಟಳು. ಗುಬ್ಬಿಯ ತೊಡೆಯ ಮೇಲಿದ್ದ ಸ್ಲೇಟನ್ನು ತೆಗೆದುಕೊಂಡು, ಅದರ ಮೇಲಿದ್ದ ಬಸ್ಸಿನ ಚಿತ್ರವನ್ನು ತೋಳಿನಿಂದ ಒರೆಸಿದಳು. ಬಳಪ ಹಿಡಿದು ನಾಲ್ಕು ಅಕ್ಷರ ಬರೆದಳು. ಅಂಗಡಿಯ ಹಲಗೆಯಲ್ಲಿ ಕಣ್ಣು ಸರಿಯಿರುವವರು ಯೋಚಿಸದೆ ಓದುವ ಸಾಲಿನ ಅಳತೆಯವು, ಅದಕ್ಕಿಂತ ತುಸು ದೊಡ್ಡವೇ. ಯಾವ ಹಲಗೆಯಲ್ಲೂ ಇಲ್ಲದ ಜೋಡಣೆ. ಆಮೇಲೆ ಕೋಣೆಯ ಆ ತುದಿಗೆ ನಡೆದು ಹೋಗಿ, ಬೆನ್ನನ್ನು ಗೋಡೆಗೆ ಒತ್ತಿ, ಸ್ಲೇಟನ್ನು ಎರಡೂ ಕೈಯಲ್ಲಿ ಕುತ್ತಿಗೆಯ ಮಟ್ಟಕ್ಕೆ ಎತ್ತಿ ಹಿಡಿದಳು.

"ಭಾವ, ಇದನ್ನ ಓದಿ."

ಭಾವ ಮೇಜಿನ ಅಂಚು ಹಿಡಿದು ನಿಂತಿದ್ದ. ಕೆಂಪಾದ ಎರಡೂ ಕಣ್ಣು ಅವಳತ್ತಲೇ ಇದ್ದವು. ಹುಬ್ಬು ಗಂಟಿಕ್ಕಿತು, ರೆಪ್ಪೆ ಕಿರಿದಾಯಿತು, ಕತ್ತು ತನಗೆ ತಾನೇ ಒಂದಿಷ್ಟು ಮುಂದಕ್ಕೆ ಬಂತು.

"ಏನು ಹುಡುಗಾಟ ಇದು?" ಎನ್ನಲು ಹೊರಟ ಅಕ್ಕ, ಗಂಡನ ಆ ಕತ್ತನ್ನು ನೋಡಿ ನಿಲ್ಲಿಸಿದಳು. ಮೇಜಿನ ಮೇಲಿನ ಡಬ್ಬಿಯನ್ನು ನೋಡಿದಳು. ಮಗಳ ತುಟಿಯನ್ನು ನೋಡಿದಳು.

"ನಂಗೆ ಬರುತ್ತೆ! ನಾನು ಓದ್ತೀನಿ!" ಎಂದಳು ಗುಬ್ಬಿ. ಅಕ್ಕ ಒದ್ದೆ ಬಟ್ಟೆಯ ಕೈಯನ್ನೇ ಅವಳ ಬಾಯಿಯ ಮೇಲಿಟ್ಟಳು.

ಸ್ಲೇಟು ನಡುಗದ ಹಾಗೆ ಮರಿ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡಳು.

"ಓದಿ ಭಾವ."